ಮೊದಲ ಎರಡು ದಿನದ ಚೀಟಿ

ಗೋಕರ್ಣದ ಕುಡ್ಲೆ ತೀರದಲ್ಲಿ ಸಿಕ್ಕವನಿರಲಿ, ಶಿರಸಿಯ ಬಸ್ ನಿಲ್ದಾಣದ ಹಿಂದೆ ಸಿಕ್ಕವನಿರಲಿ, ಪತ್ರಿಕೆಯಲ್ಲಿ ಬರುವುದು ಎರಡೇ ಸಾಲು: ಗಾಂಜಾ ಸೇವನೆ, ಯುವಕನ ಮೇಲೆ ಪ್ರಕರಣ. ಆಮೇಲೆ ಏನಾಯಿತು ಎಂದು ಯಾರೂ ಬರೆಯುವುದಿಲ್ಲ. ಸಾಮಾನ್ಯವಾಗಿ ಆಗುವುದು ಇಷ್ಟು. ಆಸ್ಪತ್ರೆಗೆ ಕರೆದೊಯ್ದು ಮೂತ್ರ ಪರೀಕ್ಷೆ ಮಾಡಿಸುತ್ತಾರೆ, ಠಾಣೆಯಲ್ಲಿ ಎಫ್‌ಐಆರ್ ಆಗುತ್ತದೆ, ಜಾಮೀನು ಸಿಗುತ್ತದೆ. ಕೆಲವು ತಿಂಗಳ ನಂತರ ಮೊದಲ ದರ್ಜೆ ಮ್ಯಾಜಿಸ್ಟ್ರೇಟರ ಜೆಎಂಎಫ್‌ಸಿ ನ್ಯಾಯಾಲಯದಲ್ಲಿ ಹುಡುಗ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಹೊರಬರುತ್ತಾನೆ. ಮನೆಯವರು ‘ಅಂತೂ ಮುಗೀತು’ ಎಂದು ನಿಟ್ಟುಸಿರು ಬಿಡುತ್ತಾರೆ.

ಮುಗಿದಿರುವುದಿಲ್ಲ. ತಪ್ಪೊಪ್ಪಿ ದಂಡ ಕಟ್ಟಿದರೆ ಅದು ಅಪರಾಧ ಸಾಬೀತಾದ ಲೆಕ್ಕವೇ. ಸರ್ಕಾರಿ ನೌಕರಿಯ ಅರ್ಜಿಯಲ್ಲಿ ‘ಯಾವುದಾದರೂ ಪ್ರಕರಣದಲ್ಲಿ ಶಿಕ್ಷೆಯಾಗಿದೆಯೇ’ ಎಂಬ ಕಾಲಮ್ ಇರುತ್ತದೆ. ಭಟ್ಕಳದಿಂದ ಗಲ್ಫಿಗೆ ಹೊರಟವನಿಗೂ ಕಾರವಾರದಿಂದ ಹಡಗಿನ ಕೆಲಸಕ್ಕೆ ಹೊರಟವನಿಗೂ ಪೊಲೀಸ್ ಕ್ಲಿಯರೆನ್ಸ್ ಬೇಕಾಗುತ್ತದೆ. ಮತ್ತೆ ಸಿಕ್ಕಿಬಿದ್ದರೆ ಮಾದಕ ವಸ್ತುಗಳ ತಡೆಗಿರುವ ಎನ್‌ಡಿಪಿಎಸ್ ಕಾಯ್ದೆಯ 31ನೇ ಕಲಂ ಕಾದಿರುತ್ತದೆ: ಗರಿಷ್ಠ ಶಿಕ್ಷೆಯ ಒಂದೂವರೆ ಪಟ್ಟಿನವರೆಗೆ. ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ಚಟ ಇದ್ದಲ್ಲೇ ಇರುತ್ತದೆ. ದಂಡದ ದುಡ್ಡು ಸಾಲ ಮಾಡಿ ತಂದದ್ದಾದರೆ ಚಟದ ಜೊತೆಗೆ ಸಾಲವೂ ಸೇರುತ್ತದೆ.

ಇದಕ್ಕೆ ಬೇರೆ ದಾರಿ ಅದೇ ಕಾಯ್ದೆಯೊಳಗೆ ಇದೆ, ಇಂದು ನಿನ್ನೆಯದೂ ಅಲ್ಲ. ಎನ್‌ಡಿಪಿಎಸ್ ಕಾಯ್ದೆ ಬಂದದ್ದು 1985ರಲ್ಲಿ. 1989ರ ತಿದ್ದುಪಡಿಯಲ್ಲಿ ಅದಕ್ಕೆ 64ಎ ಕಲಂ ಸೇರಿತು, 2001ರಲ್ಲಿ ಈಗಿನ ರೂಪ ಬಂತು. ಸೇವನೆಯ ಆರೋಪ ಹೊತ್ತ, ಅಥವಾ ‘ಸಣ್ಣ ಪ್ರಮಾಣ’ದ ಮಾದಕ ವಸ್ತುವಿನ ಅಪರಾಧದ ಆರೋಪ ಹೊತ್ತ ವ್ಯಸನಿ ತಾನಾಗಿ ಮುಂದೆ ಬಂದು, ಸರ್ಕಾರವಾಗಲಿ ಸ್ಥಳೀಯ ಸಂಸ್ಥೆಯಾಗಲಿ ನಡೆಸುವ ಅಥವಾ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಆ ಅಪರಾಧಕ್ಕೆ ಮೊಕದ್ದಮೆ ನಡೆಸುವಂತಿಲ್ಲ. ಒಂದೇ ಷರತ್ತು, ಚಿಕಿತ್ಸೆ ಪೂರ್ಣಗೊಳಿಸದಿದ್ದರೆ ಈ ರಕ್ಷಣೆಯನ್ನು ಹಿಂತೆಗೆದುಕೊಳ್ಳಬಹುದು.

39ನೇ ಕಲಂ ಇನ್ನೊಂದು ಬಾಗಿಲು, ಆದರೆ ಅದು ತೆರೆಯುವುದು ತಡವಾಗಿ. ತಪ್ಪಿತಸ್ಥ ಎಂದು ತೀರ್ಮಾನವಾದ ಮೇಲೆ ನ್ಯಾಯಾಲಯ ಆರೋಪಿಯ ಒಪ್ಪಿಗೆ ಪಡೆದು, ಮುಚ್ಚಳಿಕೆ ಬರೆಸಿಕೊಂಡು, ಜೈಲಿನ ಬದಲು ಚಿಕಿತ್ಸೆಗೆ ಕಳಿಸಬಹುದು. ಒಂದು ವರ್ಷದೊಳಗೆ ಚಿಕಿತ್ಸೆಯ ವರದಿ ಕೊಡಬೇಕು. ವರದಿ ತೃಪ್ತಿಕರವಾಗಿದ್ದರೆ ಮೂರು ವರ್ಷ ಮೀರದ ಅವಧಿಗೆ ಮತ್ತೊಂದು ಮುಚ್ಚಳಿಕೆ ಬರೆಸಿಕೊಂಡು, ಎಚ್ಚರಿಕೆ ಹೇಳಿ ಬಿಡಬಹುದು. ಜೈಲು ತಪ್ಪುತ್ತದೆ, ತಪ್ಪಿತಸ್ಥ ಎಂಬ ತೀರ್ಮಾನ ಮಾತ್ರ ಉಳಿಯುತ್ತದೆ. ಹಾಗಾಗಿ ಮೊದಲು ತಟ್ಟಬೇಕಾದದ್ದು 64ಎ ಬಾಗಿಲನ್ನೇ.

ಇಲ್ಲಿ ಒಂದು ಸೂಕ್ಷ್ಮವಿದೆ, ವಕೀಲರೂ ಕೆಲವೊಮ್ಮೆ ಮರೆಯುತ್ತಾರೆ. ಗಾಂಜಾ ಸೇದಿದವನ ಮೇಲೆ ಬೀಳುವುದು 27(ಬಿ): ಆರು ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಿಸೆಯಲ್ಲಿ ಸಣ್ಣ ಪೊಟ್ಟಣ ಸಿಕ್ಕರೆ, ಅದು ತನಗಾಗಿಯೇ ಇಟ್ಟುಕೊಂಡದ್ದಾದರೂ, 20(ಬಿ)(ii)(ಎ) ಬೀಳುತ್ತದೆ. 2014ರ ತಿದ್ದುಪಡಿಯ ನಂತರ ಅದಕ್ಕೆ ಒಂದು ವರ್ಷದವರೆಗೆ ಜೈಲು. ಸೇದಿದ್ದೂ ಅದೇ ಗಾಂಜಾ, ಕಿಸೆಯಲ್ಲಿದ್ದದ್ದೂ ಅದೇ ಗಾಂಜಾ. ಆದರೆ ಜೈಲಿಗೆ ಕಳಿಸದೆ ಸನ್ನಡತೆಯ ಮೇಲೆ ಬಿಡುವ 1958ರ ಪ್ರೊಬೇಷನ್ ಕಾಯ್ದೆಯ ಪ್ರಯೋಜನ ವಯಸ್ಕರಿಗೆ 27ನೇ ಕಲಮಿನಲ್ಲಿ ಸಿಗುತ್ತದೆ, 20ರಲ್ಲಿ ಸಿಗುವುದಿಲ್ಲ. ಆ ತಡೆಯನ್ನು 33ನೇ ಕಲಂ ಹಾಕಿದೆ. 64ಎ ಈ ಎರಡನ್ನೂ ಒಳಗೊಳ್ಳುತ್ತದೆ. ಅದಕ್ಕಾಗಿಯೇ ಅದು ಮುಖ್ಯ.

ಹಾಗಾದರೆ ಯಾಕೆ ಯಾರೂ ಆ ಬಾಗಿಲಲ್ಲಿ ಹೋಗುವುದಿಲ್ಲ? ದಂಡ ಕಟ್ಟುವುದು ಒಂದು ಬೆಳಗಿನ ಕೆಲಸ, ಚಿಕಿತ್ಸೆ ತಿಂಗಳುಗಳ ಕೆಲಸ ಎಂಬುದು ನಿಜ. ಆದರೆ ಅದಕ್ಕಿಂತ ದೊಡ್ಡ ಕಾರಣ ಕಾಗದದ್ದು. 64ಎ ಕೇಳುವುದು ‘ವ್ಯಸನಿ’ಯನ್ನು. ಕಾಯ್ದೆಯ ವ್ಯಾಖ್ಯೆಯಂತೆ ವ್ಯಸನಿ ಎಂದರೆ ಮಾದಕ ವಸ್ತುವಿನ ಮೇಲೆ ಅವಲಂಬನೆ ಇರುವವನು. ಅವಲಂಬನೆ ಇದೆ ಎಂದು ಹೇಳಬೇಕಾದವರು ವೈದ್ಯರು. ಪೊಲೀಸರು ತಂದ ಹುಡುಗನನ್ನು ರಾತ್ರಿಪಾಳಿಯ ವೈದ್ಯರು ನೋಡಿ ಬರೆಯುವುದು ಮಾತ್ರ ಒಂದೇ ಸಾಲು: ‘ಮೂತ್ರದಲ್ಲಿ ಗಾಂಜಾ ಅಂಶ ಪಾಸಿಟಿವ್.’ ಆ ಸಾಲಿನಿಂದ ಕೇಸು ನಿಲ್ಲುತ್ತದೆ, ಚಿಕಿತ್ಸೆಯ ದಾರಿ ತೆರೆಯುವುದಿಲ್ಲ.

ಮೂತ್ರ ಪರೀಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ತಿಳಿದುಕೊಳ್ಳಬೇಕು. ಆಸ್ಪತ್ರೆಯ ಪಟ್ಟಿ ಪರೀಕ್ಷೆ ಸಾಮಾನ್ಯವಾಗಿ ಮಿಲಿಲೀಟರಿಗೆ 50 ನ್ಯಾನೊಗ್ರಾಂ ಮಿತಿಯಲ್ಲಿ ಗಾಂಜಾದ ಅವಶೇಷವನ್ನು ಹಿಡಿಯುತ್ತದೆ. ಅಪರೂಪಕ್ಕೆ ಸೇದಿದವನಲ್ಲಿ ಅದು ಮೂರ್ನಾಲ್ಕು ದಿನ ಕಾಣಬಹುದು. ದಿನವೂ ಸೇದುವವನಲ್ಲಿ, ನಿಲ್ಲಿಸಿ ತಿಂಗಳಾದರೂ ಕಾಣಬಹುದು, ಏಕೆಂದರೆ ಆ ಅಂಶ ಕೊಬ್ಬಿನಲ್ಲಿ ಕೂತು ನಿಧಾನವಾಗಿ ಇಳಿಯುತ್ತದೆ. ಅಂದರೆ ಪಾಸಿಟಿವ್ ಬಂದ ಮಾತ್ರಕ್ಕೆ ಆ ಹೊತ್ತಿಗೆ ಅಮಲಿನಲ್ಲಿದ್ದ ಎಂದಲ್ಲ, ವ್ಯಸನಿ ಎಂದೂ ಅಲ್ಲ. ಚಿಕಿತ್ಸೆ ಶುರುವಾದ ಎರಡನೇ ವಾರ ಮತ್ತೆ ಪರೀಕ್ಷೆ ಮಾಡಿ ‘ಇನ್ನೂ ಸೇದುತ್ತಿದ್ದಾನೆ’ ಎಂದು ವರದಿ ಬರೆಯುವುದೂ ತಪ್ಪೇ. ಇಂಥ ಒಂದು ತಪ್ಪು ವರದಿಯಿಂದ ರಕ್ಷಣೆಯೇ ಕೈತಪ್ಪಬಹುದು.

ಅವಲಂಬನೆಗೆ ವೈದ್ಯರ ಅಳತೆಗೋಲು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಾದ ಐಸಿಡಿ-10ರ ಪ್ರಕಾರ ಆರು ಲಕ್ಷಣಗಳಿವೆ: ಬೇಕೇ ಬೇಕೆಂಬ ತುಡಿತ, ಎಷ್ಟು ಎಂಬ ಹಿಡಿತ ತಪ್ಪುವುದು, ಬಿಟ್ಟಾಗ ಮೈ ಮನಸ್ಸು ಹದಗೆಡುವುದು, ಮೊದಲಿನಷ್ಟೇ ಅಮಲಿಗೆ ಹೆಚ್ಚು ಬೇಕಾಗುವುದು, ಉಳಿದ ಕೆಲಸ ಸಂತೋಷಗಳು ಬದಿಗೆ ಸರಿಯುವುದು, ಹಾನಿ ಕಣ್ಣಿಗೆ ಕಂಡರೂ ಮುಂದುವರಿಸುವುದು. ಹಿಂದಿನ ಒಂದು ವರ್ಷದಲ್ಲಿ ಇವುಗಳಲ್ಲಿ ಮೂರಾದರೂ ಒಟ್ಟಿಗೆ ಕಂಡಿದ್ದರೆ ಅವಲಂಬನೆ. ಗಾಂಜಾದ್ದಾದರೆ ಎಫ್12.2, ಅಫೀಮು ಜಾತಿಯದಾದರೆ ಎಫ್11.2 ಎಂಬ ಸಂಕೇತ ಚೀಟಿಯಲ್ಲಿರಬೇಕು. ಯಾವ ಮೂರು ಲಕ್ಷಣ, ಯಾವಾಗಿನಿಂದ ಎಂದು ಎರಡು ಸಾಲಾದರೂ ಜೊತೆಗಿರಬೇಕು. ಬರೀ ‘ವ್ಯಸನಿಯಾಗಿರುತ್ತಾನೆ’ ಎಂದು ಬರೆದ ಪ್ರಮಾಣಪತ್ರವನ್ನು ಸಹಾಯಕ ಸರ್ಕಾರಿ ಅಭಿಯೋಜಕರು ಎರಡೇ ಪ್ರಶ್ನೆಯಲ್ಲಿ ಕೆಡವಬಹುದು.

ನನ್ನ ಮಟ್ಟಿಗೆ ಈ ಕಾನೂನಿನ ದೊಡ್ಡ ಕೊರತೆ ಇರುವುದು ಇಲ್ಲಿಯೇ. ಎರಡು ವರ್ಷದಿಂದ ದಿನವೂ ಸೇದುವವನಿಗೆ ದಾರಿ ಇದೆ. ಗೆಳೆಯರ ಜೊತೆ ಎರಡು ಸಲ ಸೇದಿದ ಡಿಪ್ಲೊಮಾ ಹುಡುಗ ವ್ಯಸನಿಯಲ್ಲ, ಅವನಿಗೆ 64ಎ ಇಲ್ಲ. ಹೆಚ್ಚು ಕಾಯಿಲೆಯವನಿಗೆ ರಕ್ಷಣೆ ಕೊಟ್ಟದ್ದು ಸರಿಯೇ, ಆದರೆ ಕಡಿಮೆ ತಪ್ಪಿನವನು ಕೋರ್ಟಿನ ಕಟಕಟೆಯಲ್ಲೇ ಉಳಿಯುತ್ತಾನೆ. ಆಗ ಮನೆಯವರು ಗಾಬರಿಯಲ್ಲಿ ಅವನನ್ನೂ ವ್ಯಸನಿ ಎಂದು ಬರೆಸಿ ಯಾವುದೋ ಖಾಸಗಿ ಕೇಂದ್ರದಲ್ಲಿ ತಿಂಗಳುಗಟ್ಟಲೆ ಕೂಡಿಸುತ್ತಾರೆ. ಅಲ್ಲಿ ಅವನು ಗಟ್ಟಿ ಚಟದವರ ನಡುವೆ ಮಲಗಿ ಏಳುತ್ತಾನೆ, ಕಾಲೇಜು ತಪ್ಪುತ್ತದೆ, ಸುಳ್ಳು ರೋಗದ ಹೆಸರು ಬೆನ್ನಿಗೆ ಅಂಟುತ್ತದೆ. ದಯವಿಟ್ಟು ಹೀಗೆ ಮಾಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ‘ಅಸಿಸ್ಟ್’ ಎಂಬ ಪ್ರಶ್ನಾವಳಿ ಇದೆ, ಹತ್ತು ನಿಮಿಷದ ಕೆಲಸ. ಗಾಂಜಾಕ್ಕೆ 0–3 ಅಂಕ ಬಂದರೆ ಅಪಾಯ ಕಡಿಮೆ, 4–26 ಮಧ್ಯಮ, 27ರಿಂದ ಮೇಲೆ ಹೆಚ್ಚು. ಮಧ್ಯಮದವರಿಗೆ ಬೇಕಾದದ್ದು ಹತ್ತು ಹದಿನೈದು ನಿಮಿಷದ ಆಪ್ತ ಮಾತುಕತೆ, ಬಳಿಕ ಒಂದೆರಡು ಭೇಟಿ. ಅವರನ್ನು ವಾರ್ಡಿಗೆ ಸೇರಿಸುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಸೇವನೆಯ ಕಲಂ ಮಾತ್ರ ಬಿದ್ದಿರುವ ಇಂಥವರ ಪರವಾಗಿ ವಕೀಲರು ಕೇಳಬೇಕಾದದ್ದು ಮೇಲೆ ಹೇಳಿದ ಪ್ರೊಬೇಷನ್ ಕಾಯ್ದೆಯನ್ನು.

ತೂಕದ ವಿಚಾರ ಕರಾವಳಿಯಲ್ಲಿ ವಿಶೇಷವಾಗಿ ಕಾಡುತ್ತದೆ. 2001ರ ಅಕ್ಟೋಬರಿನ ಅಧಿಸೂಚನೆಯಂತೆ ಗಾಂಜಾದ ಸಣ್ಣ ಪ್ರಮಾಣ 1 ಕಿಲೋ, ಚರಸ್ 100 ಗ್ರಾಂ, ಹೆರಾಯಿನ್ 5 ಗ್ರಾಂ, ಕೊಕೇನ್ 2 ಗ್ರಾಂ, ಎಂಡಿಎಂಎ ಬರೀ ಅರ್ಧ ಗ್ರಾಂ, ಎಲ್‌ಎಸ್‌ಡಿ 2 ಮಿಲಿಗ್ರಾಂ. ಘಟ್ಟದ ಮೇಲೆ ಸಿಗುವ ಪ್ರಕರಣಗಳಲ್ಲಿ ಗಾಂಜಾವೇ ಹೆಚ್ಚು, ಅಲ್ಲಿ ಒಂದು ಕಿಲೋ ಎಂಬುದು ವಿಶಾಲವಾದ ಬೇಲಿ. ಗೋಕರ್ಣದಲ್ಲೋ, ಗೋವಾ ಗಡಿಯ ಮಾಜಾಳಿಯಲ್ಲೋ ಮಾತ್ರೆ ಸಿಕ್ಕರೆ ಲೆಕ್ಕವೇ ಬೇರೆ. ಎಂಡಿಎಂಎ ಮಾತ್ರೆಯೊಂದರ ಒಟ್ಟು ತೂಕ ಕಾಲು ಗ್ರಾಮಿಗಿಂತ ಹೆಚ್ಚಿರುವುದು ಸಾಮಾನ್ಯ. ಬೆರಕೆಯ ಪುಡಿಯನ್ನು ಬಿಟ್ಟು ಶುದ್ಧ ಔಷಧವನ್ನಷ್ಟೇ ತೂಗಬೇಕೆಂಬ ವಾದವನ್ನು ಸುಪ್ರೀಂ ಕೋರ್ಟು 2020ರ ಹೀರಾ ಸಿಂಗ್ ತೀರ್ಪಿನಲ್ಲಿ ತಳ್ಳಿಹಾಕಿತು: ಬೆರಕೆ ಸೇರಿ ಇಡೀ ಮಿಶ್ರಣದ ತೂಕವೇ ಲೆಕ್ಕ. ಹಾಗಾಗಿ ಎರಡು ಮಾತ್ರೆ ಇಟ್ಟುಕೊಂಡವನು ಸಣ್ಣ ಪ್ರಮಾಣದ ಗೆರೆ ದಾಟಬಹುದು. ಆಗ 64ಎ ಇಲ್ಲ, 39 ಇಲ್ಲ, ಕೇಸು ಹೋಗುವುದು ವಿಶೇಷ ನ್ಯಾಯಾಲಯಕ್ಕೆ. ಮುಕ್ಕಾಲು ಕಿಲೋ ಗಾಂಜಾ ಇಟ್ಟುಕೊಂಡವನಿಗೆ ಇರುವ ದಾರಿ ಅರ್ಧ ಗ್ರಾಂ ದಾಟಿದವನಿಗೆ ಇಲ್ಲ. ಇದು ನ್ಯಾಯ ಎನಿಸುವುದಿಲ್ಲ, ಆದರೆ ಕಾನೂನು ಸದ್ಯ ಹೀಗಿದೆ.

ಆದ್ದರಿಂದ ಮಹಜರಿನ (ವಶಪಡಿಸಿಕೊಂಡದ್ದರ ದಾಖಲೆಯ) ಪ್ರತಿ ಕೈಗೆ ಬಂದ ಕೂಡಲೇ ತೂಕದ ಸಾಲು ಓದಬೇಕು. ಪ್ಲಾಸ್ಟಿಕ್ ಚೀಲದ ಸಮೇತ ತೂಗಿದ್ದಾರೆಯೇ, ಚೀಲ ಬಿಟ್ಟು ನಿವ್ವಳ ತೂಕ ಬರೆದಿದ್ದಾರೆಯೇ? ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿ ಇಲ್ಲದೆ ಬರೀ ಎಲೆಯೋ ಬೀಜವೋ ಇದ್ದರೆ ಅದು ಗಾಂಜಾದ ವ್ಯಾಖ್ಯೆಯೊಳಗೆ ಬರುವುದಿಲ್ಲ. ಒಂದು ಕಿಲೋದ ಆಸುಪಾಸಿನಲ್ಲಿದ್ದರೆ ಈ ಪ್ರಶ್ನೆಗಳ ಮೇಲೆಯೇ ಚಿಕಿತ್ಸೆಯೋ ಸೆರೆಮನೆಯೋ ಎಂಬುದು ನಿಂತಿರುತ್ತದೆ. ಮೂವರ ಕಿಸೆಯಲ್ಲಿ ಸಿಕ್ಕದ್ದನ್ನು ಒಟ್ಟುಗೂಡಿಸಿ ಒಂದೇ ತೂಕ ಬರೆದಿದ್ದರೆ ಅದನ್ನೂ ಮೊದಲ ದಿನವೇ ಎತ್ತಿ ತೋರಿಸಬೇಕು.

ಇನ್ನು ಮೊದಲ ಎರಡು ದಿನ. ಕಾನೂನಿಗಿಂತ ಮೊದಲು ಜೀವದ ಮಾತು ಇದು, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳಬೇಕು.

ಗಾಂಜಾ ಕೇಸಿನಲ್ಲಿ ಹಿಡಿದವನು ಗಾಂಜಾ ಮಾತ್ರ ಬಳಸುತ್ತಾನೆ ಎಂದು ಎಣಿಸುವುದು ಅಪಾಯ. ಬಂದರಿನಲ್ಲಿ, ಲಾರಿಯಲ್ಲಿ, ತೋಟದಲ್ಲಿ ದುಡಿಯುವ ಎಷ್ಟೋ ಮಂದಿಗೆ ದಿನವೂ ಹೆಂಡ ಸಾರಾಯಿ ಇದ್ದೇ ಇರುತ್ತದೆ, ಗಾಂಜಾ ಅದರ ಮೇಲಿನದು. ಗಾಂಜಾ ನಿಲ್ಲಿಸಿದರೆ ಸಿಟ್ಟು, ನಿದ್ದೆಗೇಡು, ಊಟ ಸೇರದಿರುವುದು ಒಂದೆರಡು ದಿನದಲ್ಲಿ ಶುರುವಾಗಿ ಮೊದಲ ವಾರದಲ್ಲಿ ಜೋರಾಗಿ ಎರಡು ವಾರದಲ್ಲಿ ತಗ್ಗುತ್ತದೆ. ಕಷ್ಟ ನಿಜ, ಜೀವಕ್ಕೆ ಅಪಾಯವಿಲ್ಲ. ಮದ್ಯ ಹಠಾತ್ತಾಗಿ ನಿಂತರೆ ಹಾಗಲ್ಲ. ಆರು ಗಂಟೆ ಕಳೆಯುವಷ್ಟರಲ್ಲಿ ಕೈ ನಡುಕ, ಬೆವರು. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಸನ್ನಿ: ಇಲ್ಲದ್ದು ಕಾಣುವುದು, ದಿಕ್ಕು ತಪ್ಪುವುದು, ಜ್ವರ. ಸಂಜೆ ಹಿಡಿದವನಿಗೆ ಲಾಕಪ್ಪಿನಲ್ಲೋ ಜೈಲಿನ ಮೊದಲ ರಾತ್ರಿಯಲ್ಲೋ ಇದು ಬಂದರೆ ‘ನಾಟಕ’ ಎಂದು ಬಿಡುವುದಿದೆ. ಸನ್ನಿಯಿಂದ ಜನ ಸಾಯುತ್ತಾರೆ. ಡಯಾಜೆಪಾಮ್ ಅಥವಾ ಲೊರಾಜೆಪಾಮ್, ಜೊತೆಗೆ ಥಯಾಮಿನ್ (ವಿಟಮಿನ್ ಬಿ1) ಸಕಾಲಕ್ಕೆ ಸಿಕ್ಕರೆ ಹೆಚ್ಚಿನವರು ಉಳಿಯುತ್ತಾರೆ. ಗ್ಲುಕೋಸ್ ಬಾಟಲಿ ಹಾಕುವುದಾದರೆ ಥಯಾಮಿನ್ ಅದಕ್ಕಿಂತ ಮೊದಲು ಹೋಗಬೇಕು.

ಅಫೀಮು ಜಾತಿಯದಾದರೆ, ಬ್ರೌನ್ ಶುಗರ್ ಇರಲಿ, ಟ್ರಮಡಾಲ್ ಮಾತ್ರೆ ಇರಲಿ, ಹಿಂತೆಗೆತದ (ಬಿಟ್ಟಾಗ ಮೈ ಮನಸ್ಸು ಹದಗೆಡುವುದರ) ಚಿತ್ರ ಬೇರೆ: ಆಕಳಿಕೆ, ಕಣ್ಣು ಮೂಗಲ್ಲಿ ನೀರು, ರೋಮಾಂಚ, ಹೊಟ್ಟೆನುಲಿ, ಭೇದಿ, ದೊಡ್ಡದಾದ ಪಾಪೆ. ಹೆರಾಯಿನ್ ಜಾತಿಯದರಲ್ಲಿ ಕೊನೆಯ ಡೋಸಿನಿಂದ ಎಂಟು ಹತ್ತು ಗಂಟೆಗೆ ಶುರುವಾಗಿ ಎರಡು ಮೂರನೇ ದಿನ ಶಿಖರ ಮುಟ್ಟುತ್ತದೆ. ಈ ಚಟದ ಚಿಕಿತ್ಸೆಗೆ ಬ್ಯುಪ್ರೆನಾರ್ಫಿನ್ ಔಷಧ ಕೊಡುವುದಾದರೆ ಈ ಲಕ್ಷಣಗಳು ಸ್ಪಷ್ಟವಾಗಿ ಕಂಡ ಮೇಲೆಯೇ ಕೊಡಬೇಕು. ಕನಿಕರದಿಂದ ಅವಸರಪಟ್ಟು ಮೊದಲೇ ಕೊಟ್ಟರೆ ಇದ್ದಕ್ಕಿದ್ದಂತೆ ಹಿಂತೆಗೆತ ಭುಗಿಲೆದ್ದು, ರೋಗಿ ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಟ್ರಮಡಾಲ್ ತಾನೇ ಫಿಟ್ಸ್ ತರಬಲ್ಲದು, ಆದ್ದರಿಂದ ದಿನಕ್ಕೆ ಎಷ್ಟು ಮಾತ್ರೆ ಎಂದು ಕೇಳಿ ಬರೆಯಲೇಬೇಕು.

ಈ ಲಕ್ಷಣಗಳೇ ಅವಲಂಬನೆಯ ಅತ್ಯುತ್ತಮ ಸಾಕ್ಷಿ, ಮತ್ತು ಅವು ಕಾಣುವುದು ಕೆಲವೇ ದಿನ. ಎರಡು ತಿಂಗಳ ನಂತರ ಮನೋವೈದ್ಯರ ಮುಂದೆ ಕೂರಿಸಿದರೆ ಅವರಿಗೆ ಸಿಗುವುದು ಬಾಯಿಮಾತಿನ ಚರಿತ್ರೆ ಮಾತ್ರ. ಬಂಧಿತನ ವೈದ್ಯಕೀಯ ತಪಾಸಣೆ, ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ ಹೇಗೂ ಆಗಲೇಬೇಕು. ಆ ಚೀಟಿಯಲ್ಲಿ ಐದು ವಿಷಯ ಬರೆಸಿಕೊಂಡರೆ ಮುಂದಿನ ಅರ್ಧ ದಾರಿ ಕ್ರಮಿಸಿದಂತೆ: ಏನೇನು ಬಳಸುತ್ತಾನೆ, ಕೊನೆಯ ಸಲ ಯಾವ ದಿನ ಎಷ್ಟು ಹೊತ್ತಿಗೆ, ಎಷ್ಟು ವರ್ಷದಿಂದ ದಿನಕ್ಕೆ ಎಷ್ಟು, ಈಗ ಕಂಡ ಲಕ್ಷಣಗಳು ನಾಡಿ ಬಿಪಿ ಸಮೇತ, ಮತ್ತು ‘ಮನೋವೈದ್ಯರ ಅಭಿಪ್ರಾಯಕ್ಕೆ ಕಳಿಸಿದೆ’ ಎಂಬ ಸಾಲು. ಮನೆಯವರು ಠಾಣೆಗೆ ಹೋಗುವಾಗ ಹಳೆಯ ಆಸ್ಪತ್ರೆ ಚೀಟಿಗಳಿದ್ದರೆ ಒಯ್ಯಿರಿ. ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಆರೋಪದಲ್ಲಿ ಬಂಧಿಸದೆ ನೋಟಿಸ್ ಕೊಟ್ಟು ಕಳಿಸಲು ಅವಕಾಶವಿದೆ. ಹಾಗೆ ಮನೆಗೆ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ ಹೊರರೋಗಿ ಚೀಟಿ ಮಾಡಿಸಿ. ಅದರ ಮೇಲಿನ ತಾರೀಖೇ ‘ತಾನಾಗಿ ಬಂದ’ ಎಂಬುದಕ್ಕೆ ಸಾಕ್ಷಿ.

ಬಂಧನವಾದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುತ್ತಾರೆ. ಆಗಲೇ ವಕೀಲರು ಹೇಳಬೇಕು: ಈತನಿಗೆ ಅವಲಂಬನೆ ಇದೆ, ಹಿಂತೆಗೆತದಲ್ಲಿದ್ದಾನೆ, ಚಿಕಿತ್ಸೆಗೆ ಸಿದ್ಧನಿದ್ದಾನೆ, ಮನೋವೈದ್ಯಕೀಯ ತಪಾಸಣೆಗೆ ಆದೇಶ ಬೇಕು. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕಾನೂನು ಸೇವೆಯ ಸಹಾಯವಾಣಿ 15100. ತಾಲ್ಲೂಕು ನ್ಯಾಯಾಲಯಗಳಲ್ಲೂ ಕಾನೂನು ಸೇವಾ ಸಮಿತಿ ಇದೆ. ಮಾದಕ ವ್ಯಸನಕ್ಕೆ ಸಿಕ್ಕವರ ನೆರವಿಗೆಂದೇ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ 2015ರ ಯೋಜನೆಯೂ ಇದೆ.

64ಎ ಅರ್ಜಿ ಉದ್ದವಿರಬೇಕಿಲ್ಲ. ಆರೋಪಿಯ ಪ್ರಮಾಣಪತ್ರ, ಎಫ್‌ಐಆರ್ ಮತ್ತು ಮಹಜರಿನ ಪ್ರತಿ, ಮೊದಲ ದಿನದ ಚೀಟಿ, ಮನೋವೈದ್ಯರ ಅಭಿಪ್ರಾಯ, ಸೇರಿಸಿಕೊಳ್ಳಲು ಆಸ್ಪತ್ರೆಯ ಒಪ್ಪಿಗೆ, ಚಿಕಿತ್ಸೆಯ ಯೋಜನೆ, ಇಷ್ಟಿದ್ದರೆ ಸಾಕು. ಕಲಮಿನಲ್ಲಿ ‘ಆರೋಪಕ್ಕೊಳಗಾದ’ ಎಂದಿರುವುದನ್ನು ಹಿಡಿದು, ಚಾರ್ಜ್‌ಶೀಟ್ ಬರುವವರೆಗೆ ಅರ್ಜಿ ಹಾಕುವಂತಿಲ್ಲ ಎಂಬ ವಾದ ಎದುರಿನಿಂದ ಬರಬಹುದು. ಅರ್ಜಿ ಕಾಯಲಿ, ಚಿಕಿತ್ಸೆ ಕಾಯಬಾರದು. ಚಾರ್ಜ್‌ಶೀಟ್ ಬರುವ ಹೊತ್ತಿಗೆ ಮೂರು ತಿಂಗಳ ಹಾಜರಿ ಕೈಯಲ್ಲಿದ್ದರೆ ನ್ಯಾಯಾಧೀಶರಿಗೆ ನಂಬಲು ಆಧಾರ ಸಿಗುತ್ತದೆ. ಪ್ರಮಾಣಪತ್ರದಲ್ಲಿ ಒಂದು ಎಚ್ಚರಿಕೆ ಬೇಕು: ‘ನಾನು ಮಾರುತ್ತಿದ್ದೆ’, ‘ಇಂಥವರಿಗೆ ಕೊಟ್ಟೆ’ ಎಂಬಂಥ ಮಾತು ಚಿಕಿತ್ಸೆಗೆ ಬೇಕಿಲ್ಲ, ಅರ್ಜಿ ತಿರಸ್ಕೃತವಾದರೆ ಅದೇ ಕುತ್ತಾಗುತ್ತದೆ. ವ್ಯಸನದ ಸಂಗತಿಯಷ್ಟೇ ಬರೆಯಿರಿ.

ಎಲ್ಲಿಗೆ ಹೋಗಬೇಕು? ಸರ್ಕಾರವೇ ನಡೆಸುವ ಆಸ್ಪತ್ರೆಯಾದರೆ ಮಾನ್ಯತೆಯ ತಕರಾರೇ ಏಳುವುದಿಲ್ಲ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಕ್ರಿಮ್ಸ್ ಇದೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಘಟ್ಟದ ಮೇಲಿನ ಹಳಿಯಾಳ, ಯಲ್ಲಾಪುರದವರಿಗೆ ಕಾರವಾರಕ್ಕಿಂತ ಧಾರವಾಡವೇ ಹತ್ತಿರ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್‌ಗೆ ಮನೋವೈದ್ಯರು ಸರದಿಯಂತೆ ಬರುತ್ತಾರೆ. ದೀರ್ಘಕಾಲದ ಅನುಸರಣೆಗೆ ಅದು ಅನುಕೂಲ. ಆದರೆ ಬುಧವಾರ ಹಿಡಿದವನನ್ನು ಮುಂದಿನ ಮಂಗಳವಾರದವರೆಗೆ ಕಾಯಿಸಿದರೆ ಹಿಂತೆಗೆತದ ಲಕ್ಷಣವೆಲ್ಲ ಮುಗಿದಿರುತ್ತದೆ, ಮೊದಲ ಚೀಟಿಯ ಮಹತ್ವ ಅದಕ್ಕೇ. ಮಾತಾಡಲು ಯಾರೂ ಇಲ್ಲದಾಗ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416.

ನಮ್ಮ ಕಡೆ ಊರೂರಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳು ಎಷ್ಟೋ ಮನೆಗಳನ್ನು ಉಳಿಸಿವೆ, ಅದನ್ನು ಗೌರವದಿಂದಲೇ ಹೇಳಬೇಕು. ಆದರೂ ಎಂಟು ದಿನದ ಶಿಬಿರದ ಪತ್ರವನ್ನು 64ಎ ಅರ್ಜಿಗೆ ಅಂಟಿಸಿದರೆ ನ್ಯಾಯಾಲಯ ಕೇಳುವುದು, ಇದು ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯೇ, ಇಲ್ಲಿ ವೈದ್ಯಕೀಯ ಚಿಕಿತ್ಸೆ ನಡೆಯಿತೇ ಎಂದು. ಶಿಬಿರ ಚಿಕಿತ್ಸೆಯ ಜೊತೆಗಿರಲಿ, ಚಿಕಿತ್ಸೆಯ ಜಾಗದಲ್ಲಿ ಬೇಡ. ಖಾಸಗಿ ಕೇಂದ್ರವಾದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ನೋಂದಣಿ ಇದೆಯೇ ಎಂದು ಕೇಳಿ, ಸಂಖ್ಯೆ ಬರೆದುಕೊಳ್ಳಿ. ಆ ಕಾಯ್ದೆ ಮದ್ಯ ಮಾದಕ ವಸ್ತುಗಳಿಂದಾದ ತೊಂದರೆಯನ್ನೂ ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯೊಳಗೆ ತಂದಿದೆ. ಸರಪಳಿಯಿಂದ ಕಟ್ಟುವುದನ್ನು ಯಾವ ರೂಪದಲ್ಲೂ ನಿಷೇಧಿಸಿದೆ. ಹೊಡೆಯುವ, ಫೋನು ಕಸಿಯುವ, ಮನೆಯವರನ್ನು ತಿಂಗಳುಗಟ್ಟಲೆ ನೋಡಲು ಬಿಡದ ಜಾಗದಿಂದ ಬಂದವನಿಗೆ ಚಿಕಿತ್ಸೆ ಎಂಬ ಶಬ್ದದ ಮೇಲೆಯೇ ದ್ವೇಷ ಹುಟ್ಟಿರುತ್ತದೆ.

ಎಲ್ಲ ಸರಿಯಾಗಿ ಸಾಗಿ ಕೊನೆಯಲ್ಲಿ ಎಡವುವುದು ಒಂದು ಶಬ್ದದ ಮೇಲೆ: ‘ಪೂರ್ಣ ಚಿಕಿತ್ಸೆ’. ಅದು ಎಷ್ಟು ದಿನ, ಏನು ಎಂದು ಕಲಂ ಹೇಳುವುದಿಲ್ಲ. ಹತ್ತು ಹದಿನಾಲ್ಕು ದಿನ ವಾರ್ಡಿನಲ್ಲಿದ್ದು ಮೈ ಶುದ್ಧಿ ಮಾಡಿಕೊಂಡು ಬಂದರೆ ಪೂರ್ಣ ಎಂದು ಮನೆಯವರು ತಿಳಿಯುತ್ತಾರೆ. ಅದು ಆರಂಭ ಮಾತ್ರ. ಇನ್ನೊಂದು ತುದಿಯಲ್ಲಿ ಅಭಿಯೋಜಕರು ‘ಮತ್ತೆ ಒಮ್ಮೆ ಸೇದಿದ, ಆದ್ದರಿಂದ ಪೂರ್ಣವಾಗಿಲ್ಲ’ ಎನ್ನಬಹುದು. ವ್ಯಸನ ಮರುಕಳಿಸುವ ಕಾಯಿಲೆ. ಸಕ್ಕರೆ ಕಾಯಿಲೆಯವನಿಗೆ ಒಮ್ಮೆ ಸಕ್ಕರೆ ಏರಿದರೆ ಚಿಕಿತ್ಸೆ ಬಿಟ್ಟ ಎನ್ನುತ್ತೇವೆಯೇ? ಆದ್ದರಿಂದ ಯೋಜನೆಯನ್ನು ಮೊದಲೇ ಅಳೆಯಲು ಬರುವಂತೆ ಬರೆಸಬೇಕು. ಇಷ್ಟು ದಿನ ಒಳರೋಗಿ, ಮೊದಲ ಎರಡು ತಿಂಗಳು ವಾರಕ್ಕೊಮ್ಮೆ ಭೇಟಿ, ಆಮೇಲೆ ಆರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಮೂರು ತಿಂಗಳಿಗೊಂದು ವರದಿ. ಮರುಕಳಿಸಿದರೆ ಎಷ್ಟು ದಿನದೊಳಗೆ ಬಂದು ತಿಳಿಸಬೇಕು, ಆಗ ಏನು ಬದಲಾವಣೆ ಎಂಬುದೂ ಅದರಲ್ಲೇ ಇರಲಿ. ಪೂರ್ಣತೆಯನ್ನು ಹಾಜರಿಯಿಂದ ಅಳೆಯುವಂತಿರಬೇಕು. ಮೂತ್ರದ ಪಟ್ಟಿಯಿಂದ ಅಳೆಯಹೊರಟರೆ ಹುಡುಗ ಪಟ್ಟಿಗೆ ಹೆದರಿ ಭೇಟಿಯನ್ನೇ ತಪ್ಪಿಸುತ್ತಾನೆ, ಆಗ ಎರಡೂ ಹೋಯಿತು. ಹಿಂತೆಗೆತದ ಕಷ್ಟ ತಾಳದೆ ಆಸ್ಪತ್ರೆಯಿಂದ ಓಡಿಬಂದವನನ್ನು ಮರುದಿನವೇ ವಾಪಸು ಕರೆದೊಯ್ದು, ‘ಮರಳಿ ದಾಖಲು’ ಎಂದು ಬರೆಸಿ. ‘ವೈದ್ಯರ ಸಲಹೆ ಮೀರಿ ಹೋದ’ ಎಂಬುದೇ ಕೊನೆಯ ಸಾಲಾಗಿ ಉಳಿಯಬಾರದು.

ಅಫೀಮು ಜಾತಿಯ ವ್ಯಸನಿ ಜೈಲಿನಿಂದಲೋ ವಾರ್ಡಿನಿಂದಲೋ ಹೊರಬಂದ ಮೊದಲ ವಾರಗಳು ಬಹಳ ಅಪಾಯದ್ದು. ಬಿಟ್ಟಿದ್ದ ದಿನಗಳಲ್ಲಿ ದೇಹದ ತಾಳಿಕೆ ಇಳಿದಿರುತ್ತದೆ, ಮೊದಲಿನ ಡೋಸನ್ನೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಅಫೀಮು ಜಾತಿಯ ಅಮಲನ್ನು ತಡೆಯುವ ನಾಲ್ಟ್ರೆಕ್ಸೋನ್ ಮಾತ್ರೆಯಲ್ಲಿರುವವನು ಅದನ್ನು ಬಿಟ್ಟರೂ ಇದೇ ಅಪಾಯ. ಇದನ್ನು ಮನೆಯವರಿಗೆ ಬಾಯಿಬಿಟ್ಟು ಹೇಳದ ವೈದ್ಯರು ಅರ್ಧ ಕೆಲಸವನ್ನಷ್ಟೇ ಮಾಡಿದ್ದಾರೆ.

ಹದಿನೆಂಟು ತುಂಬದವರ ದಾರಿ ಬೇರೆ. ಅವರು ಬಾಲ ನ್ಯಾಯ ಮಂಡಳಿಯ ಮುಂದೆ ಹೋಗಬೇಕು. 2015ರ ಕಾಯ್ದೆಯ 18ನೇ ಕಲಮಿನಲ್ಲಿ ವ್ಯಸನಮುಕ್ತಿ ಕಾರ್ಯಕ್ರಮಕ್ಕೆ ಕಳಿಸುವ ಅಧಿಕಾರ ಮಂಡಳಿಗೆ ನೇರವಾಗಿಯೇ ಇದೆ. ವಯಸ್ಸಿನ ದಾಖಲೆಯಾಗಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಮೊದಲ ಗಂಟೆಯಲ್ಲೇ ಠಾಣೆಗೆ ಮುಟ್ಟಿಸಿ.

ಬೇರೆ ದೇಶಗಳ ಮಾತು ಬಂದಾಗ ಪೋರ್ಚುಗಲ್ಲಿನ ಹೆಸರು ಬರುತ್ತದೆ. 2001ರಿಂದ ಅಲ್ಲಿ ಹತ್ತು ದಿನದ ಸ್ವಂತ ಬಳಕೆಯಷ್ಟು ಇಟ್ಟುಕೊಂಡವನು ಕ್ರಿಮಿನಲ್ ಕೋರ್ಟಿಗೆ ಹೋಗುವುದಿಲ್ಲ, ಮೂವರ ಸಮಿತಿಯ ಮುಂದೆ ಕೂರುತ್ತಾನೆ. ಚಟವಿಲ್ಲದವನಿಗೆ ಎಚ್ಚರಿಕೆ, ಇದ್ದವನಿಗೆ ಚಿಕಿತ್ಸೆಯ ದಾರಿ. ಅಮೆರಿಕದ ಮಯಾಮಿಯಲ್ಲಿ 1989ರಲ್ಲಿ ಶುರುವಾದ ಡ್ರಗ್ ಕೋರ್ಟಿನಲ್ಲಿ ನ್ಯಾಯಾಧೀಶರೇ ಚಿಕಿತ್ಸೆಯ ಮೇಲ್ವಿಚಾರಣೆ ಮಾಡುತ್ತಾರೆ. ನಮಗೆ ಹೊಸ ಕೋರ್ಟು ಕಟ್ಟುವ ಮೊದಲು ಇರುವ ಎರಡು ಕಲಂಗಳನ್ನು ಬಳಸುವುದಷ್ಟೇ ಆಗಬೇಕಾಗಿದೆ. ಪೋರ್ಚುಗಲ್ಲಿನಿಂದ ಕಲಿಯಬೇಕಾದ ಒಂದು ಸಂಗತಿ ಇದ್ದರೆ, ಚಟ ಇಲ್ಲದವನನ್ನು ಮೊದಲ ದಿನವೇ ಬೇರೆ ಮಾಡಿ ಮನೆಗೆ ಕಳಿಸುವುದು.

ಇನ್ನೊಂದು ವಿಷಯ ಕಾನೂನು ಪುಸ್ತಕದಲ್ಲಿ ಇಲ್ಲ, ಕ್ಯಾಲೆಂಡರಿನಲ್ಲಿದೆ. ಚಿಕಿತ್ಸೆಗೆಂದು ಬಂದವರು ಅನುಸರಣೆ ತಪ್ಪಿಸಿದರೆ ‘ಮನಸ್ಸಿಲ್ಲ’ ಎಂದು ಬರೆಯುವುದು ಸುಲಭ. ಬೈತಖೋಲ, ತದಡಿ, ಹೊನ್ನಾವರದ ಕಾಸರಕೋಡಿನ ದೋಣಿ ಕೆಲಸದವರಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆ ಬಂದ್. ಒಳರೋಗಿಯಾಗಿ ಸೇರಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಆಗಸ್ಟ್ ಬಂತೆಂದರೆ ಅವರು ಸಮುದ್ರದಲ್ಲಿ, ವಾರದ ಭೇಟಿ ಸಾಧ್ಯವೇ ಇಲ್ಲ. ಶಿರಸಿ ಸಿದ್ದಾಪುರದ ಕಡೆ ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಕೊನೆಗೌಡನಿಗೆ (ಮರವೇರಿ ಅಡಿಕೆ ಕೊನೆ ಇಳಿಸುವವನಿಗೆ) ಒಂದು ದಿನ ಬಿಡುವು ಸಿಗುವುದು ಕಷ್ಟ. ಮಳೆಗಾಲದಲ್ಲಿ ಘಟ್ಟದ ರಸ್ತೆಯ ನಂಬಿಕೆಯೇ ಇಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಅಂಕೋಲಾ–ಕುಮಟಾ ನಡುವೆ ಹೆದ್ದಾರಿಯೇ ಮುಚ್ಚಿತು. ಅಂಥ ದಿನ ಗೋಕರ್ಣದವನು ಕಾರವಾರಕ್ಕೆ ಬರಲಿಲ್ಲವೆಂದರೆ ಅದು ಅವನ ತಪ್ಪಲ್ಲ.

ಹಾಗಾಗಿ ಯೋಜನೆ ಬರೆಸುವಾಗಲೇ ಎರಡು ಆಸ್ಪತ್ರೆಯ ಹೆಸರು ಇರಲಿ: ಮುಖ್ಯ ಚಿಕಿತ್ಸೆ ಕ್ರಿಮ್ಸ್‌ನಲ್ಲಿ, ಹಾಜರಿ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲೂ ಆಗಬಹುದು ಎಂದು. ನ್ಯಾಯಾಲಯದ ತಾರೀಖಿಗೆ ವಿಡಿಯೊ ಮೂಲಕ ಹಾಜರಾಗಲು ಮೊದಲೇ ಅನುಮತಿ ಕೇಳಿ, ನಾಗರಿಕ ಸುರಕ್ಷಾ ಸಂಹಿತೆಯ 530ನೇ ಕಲಮಿನಲ್ಲಿ ಅದಕ್ಕೆ ಅವಕಾಶವಿದೆ. ದೋಣಿಗೆ ಹೋಗುವವನಾದರೆ ಭೇಟಿಯನ್ನು ತಾರೀಖಿನ ಬದಲು ಬಂದರಿಗೆ ಹೊಂದಿಸಿ: ದೋಣಿ ದಡ ಮುಟ್ಟಿದ ಎರಡು ದಿನದೊಳಗೆ ಆಸ್ಪತ್ರೆಯಲ್ಲಿ ಹಾಜರಿ. ಹೆಂಡತಿಯದೋ ತಂಡೇಲನದೋ (ದೋಣಿ ನಡೆಸುವವನದೋ) ಫೋನ್ ನಂಬರು ಕಡತದಲ್ಲಿರಲಿ, ಅವನ ಒಪ್ಪಿಗೆ ಪಡೆದು. ಮತ್ತು ಜುಲೈ ಕೊನೆಯ ವಾರ, ಬಲೆ ದುರಸ್ತಿ ಮುಗಿದು ಐಸ್ ತುಂಬುವ ಮೊದಲು, ಒಮ್ಮೆ ವೈದ್ಯರನ್ನು ಕಂಡು ಮಾತ್ರೆಯ ಲೆಕ್ಕ ಸರಿಮಾಡಿಕೊಂಡೇ ಹೊರಡಲಿ.